ನಂಬಿಕೆ ಬಿಟ್ಟವನೊಬ್ಬ ಕಂಡ ಎಂಟು ವಾರಗಳ ಸುವಾರ್ತಾ ತರಗತಿ

ಇವ್ಯಾಂಜೆಲಿಕಲ್ ಸಭೆಯೊಂದು (ವೈಯಕ್ತಿಕ ನಂಬಿಕೆಗೂ ಸುವಾರ್ತೆ ಸಾರುವುದಕ್ಕೂ ಒತ್ತು ಕೊಡುವ ಪ್ರಾಟೆಸ್ಟಂಟ್ ಕ್ರೈಸ್ತ ಪಂಥದ್ದು) ನಡೆಸುವ ಎಂಟು ವಾರಗಳ ಪರಿಚಯ ತರಗತಿಗೆ ನಾನು ಹೊಸಬನಾಗಿ ಸೇರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ದೀಕ್ಷಾಸ್ನಾನ ಪಡೆದು, ಹತ್ತು ವರ್ಷ ನನ್ನ ನಂಬಿಕೆಯ ಸಾಕ್ಷಿ ಹೇಳಿಕೊಂಡು ಓಡಾಡಿ, ಆಮೇಲೆ ಸದ್ದಿಲ್ಲದೆ ಸಭೆಯಿಂದ ದೂರವಾದವನು ನಾನು. ಬಿಟ್ಟು ಬಂದದ್ದನ್ನು ಇನ್ನೊಮ್ಮೆ ಸಮಾಧಾನದಿಂದ ನೋಡಬೇಕೆನಿಸಿ ಹೆಸರು ಬರೆಸಿದೆ. ನೋಂದಣಿ ಪತ್ರದಲ್ಲಿ ‘ವಿಶ್ವಾಸಿ’, ‘ಹುಡುಕುತ್ತಿರುವವರು’ ಎಂಬ ಎರಡೇ ಚೌಕಗಳಿದ್ದವು. ನನ್ನ ಮುಖ್ಯ ತಕರಾರು ಆ ಪತ್ರದಲ್ಲೇ ಇತ್ತೆಂಬುದು ಆಮೇಲೆ ತಿಳಿಯಿತು.

ವ್ಯವಸ್ಥೆ ಅಚ್ಚುಕಟ್ಟಾಗಿದೆ: ಮೊದಲು ಉಪನ್ಯಾಸ, ಬಳಿಕ ಏಳೆಂಟು ಜನರ ಗುಂಪಿನಲ್ಲಿ ಚರ್ಚೆ. ಸತ್ಯವೇದದ ಅಧಿಕಾರ, ಶಿಲುಬೆ, ಮಾನಸಾಂತರ (ಮನಸ್ಸು ತಿರುಗಿ ನಂಬಿಕೆಗೆ ಬರುವುದು), ಸುವಾರ್ತೆಗಾಗಿ ದುಡಿಮೆ ಎಂದು ಇತಿಹಾಸಕಾರ ಡೇವಿಡ್ ಬೆಬ್ಬಿಂಗ್ಟನ್ 1989ರಲ್ಲಿ ಈ ಪಂಥಕ್ಕೆ ಗುರುತಿಸಿದ ನಾಲ್ಕು ಲಕ್ಷಣಗಳ ಸುತ್ತಲೇ ಪಾಠಗಳು ಸಾಗುತ್ತವೆ.

ಮೂರನೆಯ ವಾರ ನಿಜಕ್ಕೂ ಚೆನ್ನಾಗಿತ್ತು. ಗುಂಪಿನ ನಾಯಕರು ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯ ತೆರೆದು, 8ನೆಯ ವಚನದ ನಂತರದ ಆವರಣ ಚಿಹ್ನೆಯ ಮೇಲೆ ಬೆರಳಿಟ್ಟು, ನಾಲ್ಕನೆಯ ಶತಮಾನದ ಸೈನೈಟಿಕಸ್ ಮತ್ತು ವ್ಯಾಟಿಕಾನಸ್ ಹಸ್ತಪ್ರತಿಗಳಲ್ಲಿ ಈ ಸುವಾರ್ತೆ ಅಲ್ಲಿಗೇ ಮುಗಿಯುತ್ತದೆ ಎಂದು ತಾವಾಗಿಯೇ ತಿಳಿಸಿದರು. ಹೆಂಗಸರು ಹೆದರಿ ಸಮಾಧಿಯಿಂದ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ, ಅಷ್ಟೇ. ಹಾವುಗಳನ್ನು ಎತ್ತುವ, ಹೊಸ ಭಾಷೆಗಳನ್ನಾಡುವ ಮುಂದಿನ ವಚನಗಳ ಮೇಲೆ ಹುಡುಗನಾಗಿದ್ದಾಗ ಎಷ್ಟೋ ಪ್ರಸಂಗ ಕೇಳಿದ್ದೇನೆ, ಆ ಆವರಣ ಚಿಹ್ನೆಯ ಮಾತನ್ನು ಮಾತ್ರ ಯಾರೂ ಎತ್ತಿರಲಿಲ್ಲ.

ಆರನೆಯ ವಾರ ನಿರಾಶೆಯಾಯಿತು. ಮೆಥೊಡಿಸ್ಟ್ ಚಳವಳಿ ಕಟ್ಟಿದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿಯ ಹೃದಯ 1738ರ ಮೇ 24ರಂದು ನಂಬಿಕೆಯಿಂದ ಬೆಚ್ಚಗಾದ ಪ್ರಸಂಗವನ್ನು ಒಂದೇ ಕ್ಷಣದ ಮಾನಸಾಂತರಕ್ಕೆ ಮಾದರಿಯಾಗಿ ವಿವರಿಸಿದ ಉಪನ್ಯಾಸಕರು, ಅದೇ ವೆಸ್ಲಿ 1739ರ ಜನವರಿಯಲ್ಲಿ ತಾನು ಈಗಲೂ ಕ್ರೈಸ್ತನಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡದ್ದನ್ನು ಹೇಳಲಿಲ್ಲ. ನನಗೆ ಆ ವೆಸ್ಲಿಯೇ ಹೆಚ್ಚು ಹತ್ತಿರದವನು. ಕೊನೆಗೆ ತಲೆ ಬಗ್ಗಿಸಿ, ಕಣ್ಣು ಮುಚ್ಚಿ, ಯೇಸುವನ್ನು ಸ್ವೀಕರಿಸುವ ಪ್ರಾರ್ಥನೆ ಮಾಡಿ, ಒಪ್ಪಿದವರು ಕೈ ಎತ್ತಿ ಎಂಬ ಕರೆ ಬಂತು. ಹೀಗೆ ಎಲ್ಲರೆದುರು ತೀರ್ಮಾನ ಕೇಳುವ ರೂಢಿಗೆ 1830ರ ದಶಕದಲ್ಲಿ ಅಮೆರಿಕದ ಬೋಧಕ ಚಾರ್ಲ್ಸ್ ಫಿನ್ನಿಯ ಕೂಟಗಳು ದೊಡ್ಡ ಪ್ರಚಾರ ಕೊಟ್ಟವು. ಇಲ್ಲಿ ಅದನ್ನು ಯೇಸುವಿನ ಮೊದಲ ಶಿಷ್ಯರಾದ ಅಪೊಸ್ತಲರ ಕಾಲದಿಂದಲೇ ನಡೆದುಬಂದದ್ದೆಂಬಂತೆ ನಡೆಸಿದರು.

ಇದೇ ಪ್ರಾರ್ಥನೆಯನ್ನು ಹದಿನೇಳರಲ್ಲಿ ಮನಸಾರೆ ಮಾಡಿ ಈಗ ನಂಬದೆ ಇರುವವನು ಎಲ್ಲಿ ನಿಂತಿದ್ದಾನೆ ಎಂದು ಚರ್ಚೆಯಲ್ಲಿ ಕೇಳಿದೆ. ‘ಬಹುಶಃ ನೀವು ಆಗ ನಿಜವಾಗಿ ಹೊಸದಾಗಿ ಹುಟ್ಟಿರಲಿಲ್ಲ’, ಅಂದರೆ ನನ್ನ ಮಾನಸಾಂತರವೇ ನಿಜವಲ್ಲ, ಎಂಬ ಉತ್ತರ ಬಂತು. ನನ್ನ ಹತ್ತು ವರ್ಷ ಒಂದೇ ವಾಕ್ಯದಲ್ಲಿ ಅಳಿಸಿಹೋಯಿತು. ರಕ್ಷಣೆ ಹೊಂದಿದವನು ಕೊನೆಯವರೆಗೂ ಜಾರಲಾರ ಎನ್ನುವ, ಹದಿನಾರನೆಯ ಶತಮಾನದ ಸುಧಾರಕ ಕ್ಯಾಲ್ವಿನ್‌ನ ಪರಂಪರೆಯೂ ಜಾರಬಲ್ಲ ಎನ್ನುವ ವೆಸ್ಲಿ ಪರಂಪರೆಯೂ ಈ ಪಂಥದೊಳಗೇ ಇವೆ. ಹಸ್ತಪ್ರತಿಯ ವಿಷಯದಲ್ಲಿ ಅಷ್ಟು ಪ್ರಾಮಾಣಿಕರಾಗಿದ್ದವರು ಈ ಜಗಳದ ಸುಳಿವನ್ನೂ ಕೊಡಲಿಲ್ಲ.

ಆಮೇಲೆ ಕರೆ ಮಾಡಬೇಡಿ ಎಂದಿದ್ದೆ. ಮಾಡಲಿಲ್ಲ, ಅದಕ್ಕೆ ಪೂರ್ತಿ ಅಂಕ. ಕ್ರೈಸ್ತ ನಂಬಿಕೆಯ ಗಂಧಗಾಳಿಯಿಲ್ಲದವರು ಧಾರಾಳವಾಗಿ ಸೇರಬಹುದು. ಒಮ್ಮೆ ನಂಬಿ ಬಿಟ್ಟವರು ಮೂರನೆಯ ವಾರ ತಪ್ಪಿಸಿಕೊಳ್ಳಬಾರದು, ಆರನೆಯ ವಾರ ಬಾಗಿಲ ಪಕ್ಕದ ಕುರ್ಚಿ ಹಿಡಿಯಬೇಕು. ಅಭಿಪ್ರಾಯ ಪತ್ರದಲ್ಲಿ ಮೂರನೆಯ ಚೌಕವೊಂದನ್ನು ನಾನೇ ಪೆನ್ನಿನಿಂದ ಬರೆದು, ಅದರಲ್ಲಿ ಗುರುತು ಹಾಕಿ ಕೊಟ್ಟು ಬಂದಿದ್ದೇನೆ.