ಕಾಲೇಜಿನ ಫೀಡ್‌ಬ್ಯಾಕ್ ಫಾರ್ಮ್: ಐದಕ್ಕೆ ಎರಡು ಸ್ಟಾರ್, ಅದೂ 21ನೇ ಪ್ರಶ್ನೆಗಾಗಿ

ಸೆಮಿಸ್ಟರ್ ಮುಗಿಯುವ ವಾರ ವಾಟ್ಸಾಪ್ ಗ್ರೂಪಿಗೆ ಒಂದು ಲಿಂಕ್ ಬರುತ್ತದಲ್ಲ, "ಎಲ್ಲರೂ ಇವತ್ತೇ ತುಂಬಿ, ಕಡ್ಡಾಯ" ಅಂತ, ಅದರ ರಿವ್ಯೂ ಇದು. ಕಾರವಾರದ ಕಡೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವನು ನಾನು. ಕಾಲೇಜಿನ ಹೆಸರು ಬೇಡ, ಮಾರ್ಕ್ಸ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ.

ಪ್ರಶ್ನೆಗಳು ಕೆಟ್ಟವಲ್ಲ. ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ನ್ಯಾಕ್‌ನವರು ವಿದ್ಯಾರ್ಥಿಗಳ ಸಮೀಕ್ಷೆಗೆ ಅಂತ ಮಾಡಿದ ಪಟ್ಟಿಯನ್ನೇ ನಮ್ಮಲ್ಲಿ ಎತ್ತಿ ಗೂಗಲ್ ಫಾರ್ಮಿಗೆ ಹಾಕಿದ್ದಾರೆ. ಒಟ್ಟು 21. ಮೊದಲನೆಯದೇ ಸಿಲಬಸ್ ಎಷ್ಟು ಮುಗಿಯಿತು ಅಂತ. 85ರಿಂದ 100 ಪರ್ಸೆಂಟ್, 70ರಿಂದ 84, ಹೀಗೇ ಇಳಿಯುತ್ತ 30ಕ್ಕಿಂತ ಕಡಿಮೆಯವರೆಗೆ ಐದು ಆಯ್ಕೆ. 2024ರ ಮಳೆಗಾಲ ನೆನಪಿದೆ ಅಲ್ವಾ? ಜುಲೈ 16ಕ್ಕೆ ಅಂಕೋಲಾ ಕಡೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್, ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೇ ಸೇತುವೆ ಬಿತ್ತು, ನಡುವೆ ಮಳೆ ರಜೆ ಬೇರೆ. ಕುಮಟಾ ಕಡೆಯಿಂದ ಬರುವವರು ಎಷ್ಟೋ ದಿನ ಕ್ಲಾಸಿಗೇ ಇರಲಿಲ್ಲ. ಆ ಸೆಮಿಸ್ಟರ್‌ನಲ್ಲೂ ನಮ್ಮ ಕ್ಲಾಸಿನವರು ಒತ್ತಿದ್ದು ಮೊದಲ ಆಯ್ಕೆಯನ್ನೇ.

ಯಾಕೆ ಅಂದರೆ ಫಾರ್ಮಿನ ಮೇಲ್ಗಡೆ ರೋಲ್ ನಂಬರ್ ಹಾಕಬೇಕು. ಇಂಟರ್ನಲ್ ಮಾರ್ಕ್ಸ್ ಪಾಠ ಮಾಡುವ ಅದೇ ಸರ್ ಕೈಯಲ್ಲಿದೆ. ಯಾರಿಗೆ ಬೇಕು ಮಾರಾಯ್ರೆ ಉಸಾಬರಿ?

ಎರಡನೇ ತೊಂದರೆ ಟೈಮು. ಪಾಠ ಎಲ್ಲ ಮುಗಿದ ಮೇಲೆ ಕೇಳುವುದು, ಊಟ ಆಗಿ ಬಾಳೆಲೆ ಎತ್ತಿದ ಮೇಲೆ ಉಪ್ಪು ಸಾಕಾ ಅಂತ ಕೇಳಿದ ಹಾಗೆ. ಉತ್ತರಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದು ಬಣ್ಣಬಣ್ಣದ ಚಾರ್ಟ್ ಮಾಡಿ ವೆಬ್‌ಸೈಟಿಗೆ ಏರಿಸುತ್ತಾರೆ. ನ್ಯಾಕ್ ಕೇಳುವುದು ಅಷ್ಟೇ ಅಲ್ಲ, ಬಂದ ಫೀಡ್‌ಬ್ಯಾಕ್ ಮೇಲೆ ಏನು ಕ್ರಮ ಆಯಿತು ಅಂತಲೂ ಕೇಳುತ್ತದೆ. ಅದಕ್ಕೂ ನಮ್ಮಲ್ಲಿ ಒಂದು ಪಿಡಿಎಫ್ ಇದೆ, "ಸಲಹೆಗಳನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ" ಅಂತ, ಇಂಗ್ಲಿಷಿನಲ್ಲಿ. ಯಾವ ಸಲಹೆ, ಕೇಳಬೇಡಿ.

ಹಾಗಾದರೆ ಎರಡು ಸ್ಟಾರ್ ಯಾಕೆ? 21ನೇ ಪ್ರಶ್ನೆ. ಕಲಿಕೆ ಸುಧಾರಿಸಲು ಮೂರು ಸಲಹೆ ಕೊಡಿ ಅಂತ ಇರುತ್ತದೆ, ನಮ್ಮದೇ ಮಾತಿನಲ್ಲಿ ಬರೆಯಬಹುದು. ನಾನು ಬರೆದಿದ್ದೆ: ಝುವಾಲಜಿಯವರು ಸಮುದ್ರದ ದಂಡೆಗೆ ಕರೆದುಕೊಂಡು ಹೋಗುವ ಫೀಲ್ಡ್ ವಿಸಿಟ್ ಟೈಮ್ ಬದಲಾಯಿಸಿ, ನಾವು ಹೋಗುವಾಗ ಬಂಡೆ ನೀರಿನೊಳಗೆ ಇರುತ್ತದೆ. ಉತ್ತರ ಇಲ್ಲ. ಆಫೀಸಿನಲ್ಲಿ ಕೇಳಿದರೆ, "ಅದೆಲ್ಲ ನ್ಯಾಕ್ ಫೈಲಿಗೆ ಹೋಗಿದೆ."

ಮುಂದಿನ ಸೆಮಿಸ್ಟರ್ ಒಬ್ಬರು ಗೆಸ್ಟ್ ಲೆಕ್ಚರರ್ ಮೇಡಂ ಬಂದರು. ಕ್ಲಾಸ್ ಶುರುವಾಗಿ ಒಂದು ತಿಂಗಳಾಗಿರಬೇಕು, ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. "ಹೆಸರು ಬೇಡ. ಏನು ಅರ್ಥ ಆಗ್ತಿಲ್ಲ, ಏನು ಬದಲಾಗಬೇಕು, ಎರಡೇ ಬರೀರಿ. ಕನ್ನಡದಲ್ಲೇ ಆಗಬಹುದು." ನನ್ನೊಬ್ಬನದೇ ಅಲ್ಲ, ಇನ್ನೂ ಸುಮಾರು ಚೀಟಿಗಳಲ್ಲಿ ಅದೇ ನೀರಿನ ವಿಷಯ ಬಂದಿತ್ತಂತೆ.

ವಿಷಯ ಇಷ್ಟೇ. ಪ್ರಾಕ್ಟಿಕಲ್ ಇದ್ದದ್ದು ಗುರುವಾರ ಮಧ್ಯಾಹ್ನ ಎರಡಕ್ಕೆ, ಹಾಗಾಗಿ ಸಮುದ್ರದ ದಂಡೆಗೆ ಹೋಗುವುದೂ ಅದೇ ಹೊತ್ತಿಗೆ. ಸಮುದ್ರಕ್ಕೆ ಟೈಮ್‌ಟೇಬಲ್ ಗೊತ್ತಿಲ್ಲ. ಇಳಿತ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ, ಅದರಲ್ಲೂ ನೀರು ಜಾಸ್ತಿ ಹಿಂದೆ ಸರಿಯುವುದು ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿಗೆ. ಪ್ರತಿ ಸಲ ವಾರದ ಅದೇ ದಿನ, ಅದೇ ಗಂಟೆ ಹಿಡಿದು ಹೋದರೆ ಬಂಡೆ ಸಿಕ್ಕಿದರೆ ಸಿಕ್ಕಿತು. ನಮ್ಮ ಕ್ಲಾಸಿನಲ್ಲಿ ಮೀನುಗಾರರ ಮನೆಯ ಹುಡುಗರು ಎಷ್ಟೊಂದು ಮಂದಿ, ಅವರಿಗೆ ಇದು ಹುಟ್ಟಿದಾಗಿನಿಂದ ಗೊತ್ತು. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಮೇಡಂ ಕೇಳಿದರು. ಹಿಂದಿನ ಬೆಂಚಿನವನೊಬ್ಬ ಕ್ಯಾಲೆಂಡರ್ ನೋಡಿ ದಿನ ಹೇಳಿದ. ಕೆಮಿಸ್ಟ್ರಿ ಸರ್ ಹತ್ತಿರ ಪೀರಿಯಡ್ ಅದಲುಬದಲು ಮಾಡಿಕೊಂಡು ಬೆಳಿಗ್ಗೆ ಬೇಗ ಹೋದೆವು. ಬಾರ್ನಕಲ್, ಸಿಂಪಿ, ಸೀ ಅನಿಮೋನ್, ಏಡಿ, ಯಾವುದು ಬಂಡೆಯ ಮೇಲ್ಭಾಗದಲ್ಲಿ ಇರುತ್ತದೆ, ಯಾವುದು ನೀರಿನ ಹತ್ತಿರ ಇರುತ್ತದೆ, ಯಾಕೆ ಹಾಗೆ ಅಂತ ಅಲ್ಲೇ ನಿಂತು ನೋಡಿದ್ದು. ಅದಕ್ಕೂ ಮೊದಲು ಅದು ರೆಕಾರ್ಡ್ ಬುಕ್ಕಿನಲ್ಲಿ ಪೆನ್ಸಿಲ್ ಚಿತ್ರ ಮಾತ್ರ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಮರೈನ್ ಬಯಾಲಜಿ ವಿಭಾಗವೇ ಇದೆ, ಎಂ.ಎಸ್ಸಿ.ಗೆ ಅಲ್ಲಿಗೆ ಹೋಗಬೇಕು ಅನ್ನುವವರು ನಮ್ಮಲ್ಲಿ ಇದ್ದಾರೆ. ಅವರಿಗೆ ಇದು ಸುಮ್ನೆ ಪಿಕ್ನಿಕ್ ಅಲ್ಲ.

ವಿದ್ಯಾರ್ಥಿಗಳು ಹೇಳಿದ್ದೆಲ್ಲ ಸರಿ ಅಂತೇನೂ ನಾನು ಹೇಳುವುದಿಲ್ಲ. ಅದೇ ಚೀಟಿಗಳಲ್ಲಿ "ರೆಕಾರ್ಡ್ ಬರೆಯುವುದೇ ಬೇಡ" ಅಂತ ಇತ್ತು, "ಕ್ಯಾಂಟೀನಿನಲ್ಲಿ ದಿನಾ ಬನ್ಸ್ ಬೇಕು" ಅಂತಲೂ ಇತ್ತು. ಹಾಜರಿ ಬಿಗಿ ಮಾಡಿದ ಮೇಷ್ಟ್ರಿಗೆ ಫಾರ್ಮಿನಲ್ಲಿ ಮಾರ್ಕ್ಸ್ ಕಡಿಮೆ, ನೋಟ್ಸ್ ಬರೆಸಿ ಬಿಡುವವರಿಗೆ ಜಾಸ್ತಿ, ಇದು ಎಲ್ಲ ಕಡೆ ನಡೆಯುತ್ತದೆ. ಅದಕ್ಕೇ ಬರೀ ಅಂಕಿ ನಂಬಿ ಮೇಷ್ಟ್ರನ್ನು ಅಳೆಯುವುದು ನನಗೆ ಸರಿ ಕಾಣುವುದಿಲ್ಲ. ಮೇಡಂ ಮರುವಾರ ಚೀಟಿ ಹಿಡಿದುಕೊಂಡೇ ಬಂದರು. ಇದು ಆಗುತ್ತದೆ, ಇದು ಆಗುವುದಿಲ್ಲ, ಯಾಕೆಂದರೆ ರೆಕಾರ್ಡ್‌ಗೆ ಮಾರ್ಕ್ಸ್ ಇಟ್ಟಿರುವುದು ವಿಶ್ವವಿದ್ಯಾಲಯ, ನನ್ನ ಕೈಯಲ್ಲಿಲ್ಲ, ಅಂತ ಒಂದೊಂದಾಗಿ ಹೇಳಿದರು. "ಇಲ್ಲ" ಅಂದರೂ ಬೇಜಾರಾಗಲಿಲ್ಲ, ಓದಿದ್ದಾರೆ ಅಂತ ಗೊತ್ತಾಯಿತಲ್ಲ.

ನಮ್ಮ ಫಾರ್ಮಿನಿಂದ ರೋಲ್ ನಂಬರ್ ತೆಗೆಯಲಿ, ಕನ್ನಡದಲ್ಲೂ ಕೊಡಲಿ, ಸೆಮಿಸ್ಟರ್ ನಡುವೆ ಒಂದು ಸಲ ಕೇಳಲಿ, ಬಂದ ಉತ್ತರವನ್ನು ನೋಟಿಸ್ ಬೋರ್ಡಿಗೆ ಹಾಕಲಿ, ನಾಲ್ಕು ಸ್ಟಾರ್ ಕೊಡುತ್ತೇನೆ. ಇದಕ್ಕೆಲ್ಲ ದುಡ್ಡು ಬೇಡ.

ಹೊಸದಾಗಿ ಸೇರಿದವರಿಗೆ: ಮೊದಲ 20ಕ್ಕೆ ಎರಡು ನಿಮಿಷ ಸಾಕು. 21ನೆಯದಕ್ಕೆ "ಗುಡ್" ಅಂತ ಹಾಕಿ ಬಿಡಬೇಡಿ. ವಿಷಯ, ದಿನ, ಗಂಟೆ ಎಲ್ಲ ಬರೆಯಿರಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ಸಿ.ಆರ್. (ಕ್ಲಾಸ್ ರೆಪ್ರೆಸೆಂಟೇಟಿವ್) ಕೈಯಲ್ಲಿ ಏನಾಯಿತು ಅಂತ ಕೇಳಿಸಿ. ಆ ಮೇಡಂ ಈ ವರ್ಷ ಇಲ್ಲ, ಗೆಸ್ಟ್ ಲೆಕ್ಚರರ್ ಪಟ್ಟಿ ಬದಲಾಯಿತು. ಫೀಲ್ಡ್ ವಿಸಿಟ್ ಮತ್ತೆ ಗುರುವಾರ ಮಧ್ಯಾಹ್ನ ಎರಡಕ್ಕೇ ಬಂದಿದೆ ಅಂತ ಜೂನಿಯರ್‌ಗಳು ಹೇಳುತ್ತಿದ್ದಾರೆ.