1200 ಸಿಎಫ್‌ಎಂ, 5 ಮೈಕ್ರಾನ್ ಅಂತ ಬರೆದಿದ್ದರೆ ನಂಬಿಬಿಡಬೇಡಿ: ಡಸ್ಟ್ ಕಲೆಕ್ಟರ್ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಕಾರ್ ಷೆಡ್ಡಿನಲ್ಲೋ ತಾರಸಿ ಮೇಲಿನ ಶೀಟ್ ರೂಮಿನಲ್ಲೋ ಮರಗೆಲಸ ಶುರು ಮಾಡಿದ್ದೀರಾ? ಮರದ ಪುಡಿಯನ್ನು ಗಾಳಿ ಜೊತೆ ಎಳೆದು ಬ್ಯಾಗಿಗೆ ತುಂಬುವ ಡಸ್ಟ್ ಕಲೆಕ್ಟರ್ ತರಿಸೋಣ ಅಂತ ಯೋಚನೆ ಇದೆಯಾ? ಹಾಗಾದರೆ ದುಡ್ಡು ಕಳಿಸುವ ಮುಂಚೆ ಇದನ್ನು ಓದಿಬಿಡಿ. ಸುಮಾರು 30 ಸಾವಿರ ಕೊಟ್ಟು ತರಿಸಿದ ಮೆಷಿನ್ನು ನಮ್ಮ ಷೆಡ್ಡಿನ ಧೂಳನ್ನು ಹಿಡಿಯುವ ಬದಲು ಮನೆಗೆಲ್ಲಾ ಹಂಚಿತು. ಮಾರಿದವರ ಹೆಸರು ಹಾಕಲ್ಲ, ದೂರು ಇನ್ನೂ ನಡೆಯುತ್ತಿದೆ. ಹೆಸರು ಗೊತ್ತಾದರೂ ಅಂಥ ಉಪಯೋಗ ಇಲ್ಲ. ಇದೇ ಮೆಷಿನ್ನು, ಇದೇ ಫೋಟೋ, ಇದೇ ಮಾತು ಬೇರೆ ಬೇರೆ ಹೆಸರಿನಲ್ಲಿ ಮಾರಾಟಕ್ಕಿದೆ.

ನಮ್ಮದು ಮೈಸೂರಿನ ದಟ್ಟಗಳ್ಳಿಯಲ್ಲಿ 30×40 ಸೈಟಿನ ಮನೆ. ಷೆಡ್ಡಿಗೂ ಹಾಲಿಗೂ ನಡುವೆ ಇರುವುದು ಒಂದೇ ಬಾಗಿಲು. ಷೆಡ್ಡಿನಲ್ಲಿ ಮರ ಕೊಯ್ಯುವ ಒಂದು 10 ಇಂಚಿನ ಟೇಬಲ್ ಸಾ, ತೋಪಡ ಹಾಕುವ ಒಂದು ಪ್ಲೇನರ್, ಅಂಚು ಕೊರೆಯುವ ರೌಟರ್, ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಇವೆ. ನಾನು ಹೆಚ್ಚಾಗಿ ಬಳಸುವುದು ಹಳೇ ಹೆಂಚಿನ ಮನೆ ಕೆಡವಿದಾಗ ಸಿಗುವ ತೊಲೆ, ಬಾಗಿಲು, ಕಿಟಕಿಗಳ ಮರ. ತೇಗ, ಹೊನ್ನೆ, ಅಪರೂಪಕ್ಕೆ ಬೀಟೆ. ಪ್ಲೇನರ್ ಹಾಕಿದರೆ ಸಿಪ್ಪೆ ಮೊಣಕಾಲುದ್ದ ಬೀಳುತ್ತದೆ. ಅಮ್ಮನಿಗೆ ಮೊದಲಿಂದಲೂ ವೀಸಿಂಗ್ ಇದೆ. ಕಲೆಕ್ಟರ್ ತರಿಸಿದ್ದೇ ಅದಕ್ಕೆ.

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: 2 ಎಚ್‌ಪಿ, 1200 ಸಿಎಫ್‌ಎಂ, 5 ಮೈಕ್ರಾನ್ ಬ್ಯಾಗ್, ಮನೆ ಬಳಕೆಗೆ ಹೇಳಿ ಮಾಡಿಸಿದ್ದು. ಸಿಎಫ್‌ಎಂ ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯುತ್ತದೆ ಅನ್ನುವ ಲೆಕ್ಕ. ಮೈಕ್ರಾನ್ ಅಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು; 5 ಮೈಕ್ರಾನ್ ಬ್ಯಾಗ್ ಅಂದರೆ ಅಷ್ಟು ಸಣ್ಣ ಕಣವನ್ನೂ ಹಿಡಿಯುವ ಬಟ್ಟೆ. ಬ್ಯಾಗಿನ ವಿಷಯ ಫೋನಿನಲ್ಲೂ ಕೇಳಿದ್ದೆ. "ಫೈವ್ ಮೈಕ್ರಾನೇ ಸಾರ್, ಡೌಟೇ ಬೇಡ" ಅಂದಿದ್ದರು.

ಮೆಷಿನ್ನು ಬಂತು, ಜೋಡಿಸಿದೆ, ಓಡಿಸಿದೆ. ಮೊದಲ ನೋಟಕ್ಕೆ ಭಾರಿ ಖುಷಿ. ತೋಪಡದ ಸಿಪ್ಪೆಯೆಲ್ಲಾ ಸರ್ರನೆ ಒಳಗೆ ಹೋಯಿತು, ನೆಲ ಸ್ವಚ್ಛ. ಆದರೆ ಮೂಗಿಗೆ ತೇಗದ ವಾಸನೆ ಮುಂಚೆಗಿಂತ ಜಾಸ್ತಿ ಬರತೊಡಗಿತು. ಅಮ್ಮ ಒಳಗಿಂದ ಕೂಗಿದರು. "ಏನೋ ಇದು, ಟಿವಿ ಒರೆಸಿ ಇನ್ನೂ ಅರ್ಧ ಗಂಟೆ ಆಗಿಲ್ಲ, ಮತ್ತೆ ಧೂಳು!" ಬಂದು ನೋಡಿದರೆ ಟಿವಿ ಮೇಲೆ, ಫ್ರಿಜ್ಜಿನ ಮೇಲೆ, ದೇವರ ಮನೆ ಹೊಸ್ತಿಲ ಮೇಲೆ ತೆಳ್ಳಗೆ ಕೆಂಪು ಪುಡಿ. ಬೆರಳಲ್ಲಿ ಉಜ್ಜಿದರೆ ಪೌಡರಿನಷ್ಟು ನುಣುಪು. ಕಸಬರಿಗೆ ಹಿಡಿದು ಗುಡಿಸುತ್ತಿದ್ದ ಕಾಲದಲ್ಲಿ ಇಷ್ಟು ನುಣುಪಾದ ಪುಡಿ ಹಾಲಿನ ತನಕ ಬಂದದ್ದೇ ಇಲ್ಲ.

ರಾತ್ರಿ ಷೆಡ್ಡಿನ ಲೈಟು ಆರಿಸಿ, ಮೆಷಿನ್ನು ಹಾಕಿ, ಬ್ಯಾಗಿನ ಪಕ್ಕಕ್ಕೆ ಟಾರ್ಚ್ ಬಿಟ್ಟೆ. ಮೇಲಿನ ಬ್ಯಾಗಿನ ಬಟ್ಟೆಯಿಂದ, ಹೊಲಿಗೆಯಿಂದ, ಕೆಳಗೆ ಪಟ್ಟಿ ಬಿಗಿದ ಜಾಗದಿಂದ ಹೊಗೆ ಏಳುವ ಹಾಗೆ ಧೂಳು ಹೊರಗೆ ಬರುತ್ತಿತ್ತು. ಬೆಳಿಗ್ಗೆ ಬ್ಯಾಗು ಬಿಚ್ಚಿ ಬಿಸಿಲಿಗೆ ಹಿಡಿದರೆ ನೇಯ್ಗೆಯ ಎಳೆ ಎಳೆಯ ನಡುವೆ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣಿಸುತ್ತಿತ್ತು. ಕಣ್ಣಿಗೇ ತೂತು ಕಾಣುವ ಬಟ್ಟೆ 5 ಮೈಕ್ರಾನ್ ಆಗುವುದು ಹೇಗೆ? ನಮ್ಮ ಕೂದಲೇ ಸುಮಾರು 70 ಮೈಕ್ರಾನ್ ದಪ್ಪ. ಟಾರ್ಚ್ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಯಾವ ಮೆಷಿನ್ನು ತಂದರೂ ಮೊದಲ ರಾತ್ರಿಯೇ ಮಾಡಿ, ವಿಡಿಯೋ ತೆಗೆದಿಟ್ಟುಕೊಳ್ಳಿ.

ಅಗ್ಗದ ಕಲೆಕ್ಟರುಗಳ ಜೊತೆ ಬರುವ ಬಟ್ಟೆ ಬ್ಯಾಗು ಸಾಮಾನ್ಯವಾಗಿ 30 ಮೈಕ್ರಾನಿನ ಆಸುಪಾಸಿನದು. ರವೆ ಜರಡಿಯಲ್ಲಿ ಮೈದಾ ಸೋಸಿದ ಹಾಗೆ ಅದು. ದಪ್ಪದ್ದು ಉಳಿಯುತ್ತದೆ, ನುಣುಪಾದದ್ದು ಆಚೆ ಹೋಗುತ್ತದೆ. ಕಲೆಕ್ಟರ್ ಇಲ್ಲದಿದ್ದರೆ ಆ ನುಣುಪು ಧೂಳಿನಲ್ಲಿ ಒಂದಷ್ಟು ಸಿಪ್ಪೆಗೆ ಅಂಟಿಕೊಂಡು ನೆಲದಲ್ಲೇ ಬಿದ್ದಿರುತ್ತಿತ್ತು. ಇಲ್ಲಿ 2 ಎಚ್‌ಪಿ ಮೋಟಾರು ಅದನ್ನು ಎಳೆದು, ಫ್ಯಾನಿನಲ್ಲಿ ಬಡಿದು, ಬಟ್ಟೆಯ ತೂತಿನಿಂದ ತಲೆ ಮಟ್ಟಕ್ಕೆ ಊದುತ್ತದೆ. ನೆಲ ಸ್ವಚ್ಛ ಕಾಣುತ್ತದೆ, ಅಷ್ಟೇ.

ಅಪಾಯ ಇರುವುದು ಈ ಕಾಣದ ಧೂಳಿನಲ್ಲೇ. 10 ಮೈಕ್ರಾನಿಗಿಂತ ಸಣ್ಣ ಕಣ ಗಂಟಲು ದಾಟುತ್ತದೆ. 2.5ಕ್ಕಿಂತ ಸಣ್ಣದು ಶ್ವಾಸಕೋಶದ ತಳದವರೆಗೆ ಇಳಿಯುತ್ತದೆ. ಮೆಷಿನ್ನು ಆಫ್ ಮಾಡಿ ಗಂಟೆಗಳಾದರೂ ಅದು ಗಾಳಿಯಲ್ಲೇ ತೇಲುತ್ತಿರಬಹುದು. ನಾವೋ, ಕೆಲಸ ಮುಗಿಯಿತು ಅಂತ ಮಾಸ್ಕ್ ತೆಗೆದು ಅಲ್ಲೇ ಕಾಫಿ ಕುಡಿಯುತ್ತಾ ನಿಲ್ಲುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗಿನ ಒಳಭಾಗದ ಕ್ಯಾನ್ಸರ್. ಆ ಗುಂಪು ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಅನ್ನುವುದನ್ನು, ಅಪಾಯ ಎಷ್ಟು ದೊಡ್ಡದು ಅನ್ನುವುದನ್ನಲ್ಲ. ವರ್ಷಗಟ್ಟಲೆ ದಿನವಿಡೀ ಧೂಳಿನಲ್ಲೇ ಇರುವ ಕೆಲಸಗಾರರಿಗೂ ಭಾನುವಾರ ಸ್ಟೂಲ್ ಮಾಡುವ ನಮಗೂ ವ್ಯತ್ಯಾಸ ಇದೆ. ಆದರೆ ಉಬ್ಬಸಕ್ಕೆ ವರ್ಷಗಳು ಬೇಕಿಲ್ಲ. ತೇಗ, ಬೀಟೆಯ ಪುಡಿ ಕೆಲವರಿಗೆ ಚರ್ಮದ ಅಲರ್ಜಿಯನ್ನೂ ತರುತ್ತದೆ. ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಕೊಯ್ದರಂತೂ ಅದರ ಅಂಟಿನ ಪುಡಿಯೂ ಜೊತೆಗೆ ಬರುತ್ತದೆ.

ಇನ್ನು ಆ 1200 ಸಿಎಫ್‌ಎಂ. ಇದರಲ್ಲಿ ಆಗುವಷ್ಟು ಮೋಸ ಬೇರೆ ಯಾವುದರಲ್ಲೂ ಆಗಲ್ಲ ಅಂತ ನನ್ನ ಅನಿಸಿಕೆ. ಯಾಕೆಂದರೆ ಅದು ಪೂರ್ತಿ ಸುಳ್ಳೂ ಅಲ್ಲ. ಹೋಸ್ ಇಲ್ಲದೆ, ಬ್ಯಾಗ್ ಇಲ್ಲದೆ, ಬರೀ ಫ್ಯಾನನ್ನು ಬಾಯಿ ತೆರೆದು ಓಡಿಸಿದರೆ ಅಷ್ಟು ಬರಬಹುದು. ಆದರೆ ಮನೆಯಲ್ಲಿ ನಾವು ಹಾಕುವುದು 4 ಇಂಚಿನ ಹೋಸ್. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. 4 ಇಂಚಿನ ಪೈಪಿನಲ್ಲಿ ನಿಮಿಷಕ್ಕೆ 1200 ಘನ ಅಡಿ ಗಾಳಿ ಹೋಗಬೇಕಾದರೆ ಆ ಗಾಳಿ ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿ ಓಡಬೇಕು! ಇಂಥ ಮೆಷಿನ್ನಿನ ಕೈಲಿ ಅದು ಆಗುವ ಮಾತಲ್ಲ. ಮರದ ಪುಡಿ ಪೈಪಿನಲ್ಲಿ ಕೂರದೆ ಸಾಗಲು ನಿಮಿಷಕ್ಕೆ 4000 ಅಡಿ ವೇಗ ಸಾಕು ಅನ್ನುವುದು ವಾಡಿಕೆಯ ಲೆಕ್ಕ. ಆ ವೇಗದಲ್ಲಿ 4 ಇಂಚಿನ ಪೈಪು ಕೊಡುವುದು 350 ಸಿಎಫ್‌ಎಂ. ಒಂದು ಟೇಬಲ್ ಸಾಗೆ ಇದು ಹೆಚ್ಚೂ ಕಡಿಮೆ ಸಾಕು. ಪ್ಲೇನರಿಗೆ ಇನ್ನಷ್ಟು ಇದ್ದರೆ ಒಳ್ಳೆಯದು.

ಸ್ನೇಹಿತರೊಬ್ಬರ ಹತ್ತಿರ ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಇತ್ತು. ಹೋಸಿನ ತುದಿಗೆ ಹಿಡಿದರೆ ತೋರಿಸಿದ್ದು ಸೆಕೆಂಡಿಗೆ 15 ಮೀಟರ್. ಅಂದರೆ 260 ಸಿಎಫ್‌ಎಂ ಕೂಡ ಇಲ್ಲ. ಅದೂ ಬ್ಯಾಗು ಖಾಲಿ ಇದ್ದಾಗ. ಬಟ್ಟೆಯ ಒಳಮೈಗೆ ಪುಡಿ ಮೆತ್ತಿಕೊಂಡ ಮೇಲೆ ಇನ್ನೂ ಇಳಿಯಿತು. ಮೆಷಿನ್ನಿನ ಜೊತೆ ಕೊಟ್ಟಿದ್ದ ಸುರುಳಿ ಹೋಸು ಒಳಗೆ ಏಣು ಏಣಾಗಿದ್ದು ಗಾಳಿಯನ್ನು ಹಿಡಿದು ನಿಲ್ಲಿಸುತ್ತದೆ. ಜೊತೆಗೆ ಅವರೇ ಕೊಟ್ಟ ರೆಡ್ಯೂಸರ್ ಒಂದಿತ್ತು, 4 ಇಂಚಿನಿಂದ ಎರಡೂವರೆ ಇಂಚಿಗೆ ಇಳಿಸುವುದು. ಅದನ್ನು ಹಾಕಿದ ತಕ್ಷಣ ದಾರಿ ಅರ್ಧಕ್ಕಿಂತ ಕಿರಿದಾಗುತ್ತದೆ. ಹಾಗಾಗಿ ಅದನ್ನು ಸ್ಯಾಂಡರಿಗೆ, ರೌಟರಿಗೆ ಹಾಕಿ ಪ್ರಯೋಜನ ಇಲ್ಲ. ಕಲೆಕ್ಟರಿನದು ಜಾಸ್ತಿ ಗಾಳಿ, ಕಡಿಮೆ ಸೆಳೆತ. ವ್ಯಾಕ್ಯೂಮ್ ಕ್ಲೀನರಿನದು ಕಡಿಮೆ ಗಾಳಿ, ಜಾಸ್ತಿ ಸೆಳೆತ. ಒಂದರ ಕೆಲಸ ಇನ್ನೊಂದಕ್ಕೆ ಬರಲ್ಲ. "ಎಲ್ಲಾ ಟೂಲ್‌ಗೂ ಇದೊಂದೇ ಸಾಕು" ಅಂತ ಯಾರಾದರೂ ಅಂದರೆ ಅಲ್ಲೇ ಹುಷಾರಾಗಿ.

ಫೋನ್ ಮಾಡಿ ಹೇಳಿದೆ. "ಸಾರ್, ಮರಗೆಲಸ ಅಂದ್ಮೇಲೆ ಧೂಳು ಇದ್ದೇ ಇರುತ್ತೆ ಅಲ್ವಾ" ಅಂದರು. ವಿಡಿಯೋ ಕಳಿಸಿದೆ. ಇನ್ನೊಂದು ಬ್ಯಾಗು ಕೊರಿಯರಿನಲ್ಲಿ ಬಂತು. ಅದರ ಮೇಲೆ '5 ಮೈಕ್ರಾನ್' ಅಂತ ಹೊಸ ಸ್ಟಿಕ್ಕರ್. ಬಟ್ಟೆ ಅದೇ. ಬಿಸಿಲಿಗೆ ಹಿಡಿದರೆ ಅದೇ ಚುಕ್ಕಿಗಳು. ವಾಪಸ್ ತಗೊಳ್ಳಿ ಅಂದರೆ, ಒಮ್ಮೆ ಓಡಿಸಿದ ಮೆಷಿನ್ನು ವಾಪಸ್ ಇಲ್ಲವಂತೆ. ಓಡಿಸದೆ ಧೂಳು ಬರುತ್ತೋ ಇಲ್ವೋ ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಈಗ ಏನು ಮಾಡಿಕೊಂಡಿದ್ದೇನೆ ಅಂದರೆ, ಮೆಷಿನ್ನನ್ನು ಷೆಡ್ಡಿನಿಂದ ಆಚೆ ಹಾಕಿದ್ದೇನೆ. ಮನೆ ಹಿಂದೆ ಬಿಟ್ಟ ಜಾಗದಲ್ಲಿ ತಗಡಿನ ಗೂಡು ಮಾಡಿ ಅದರೊಳಗೆ ಇಟ್ಟು, ಗೋಡೆ ಕೊರೆದು ಪೈಪು ಎಳೆದಿದ್ದೇನೆ. ಹೊರದೇಶದ ವಿಡಿಯೋಗಳಲ್ಲಿ ಗಾಳಿಯನ್ನು ಆಚೆ ಬಿಡಬೇಡಿ, ಚಳಿಗಾಲದಲ್ಲಿ ಬಿಸಿ ಎಲ್ಲಾ ಹೋಗಿಬಿಡುತ್ತದೆ ಅನ್ನುತ್ತಾರೆ. ಮೈಸೂರಿನಲ್ಲಿ ನಮಗೆ ಆ ತೊಂದರೆ ಎಲ್ಲಿದೆ? ಕಿಟಕಿ ತೆಗೆದಿಟ್ಟರೆ ಆಯಿತು. ತೆಗೆದಿಡಲೇಬೇಕು ಕೂಡ, ಆಚೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಮೆಷಿನ್ನು ಎಳೆಯುವುದಾದರೂ ಏನನ್ನು? ಆದರೆ ನಮ್ಮ ಸೈಟುಗಳಲ್ಲಿ ಪಕ್ಕದ ಮನೆಯವರ ಗೋಡೆ ನಾಲ್ಕು ಹೆಜ್ಜೆ ದೂರ. ಅವರು ಒಣಗಿಹಾಕಿದ ಬಟ್ಟೆಗೆ ನಮ್ಮ ತೇಗ ಹಂಚುವುದು ನ್ಯಾಯ ಅಲ್ಲ. ಅದಕ್ಕೇ ಬ್ಯಾಗನ್ನೂ ಬದಲಾಯಿಸಿದೆ. ಕಾರ್ಖಾನೆಗಳಿಗೆ ಫಿಲ್ಟರ್ ಬ್ಯಾಗು ಹೊಲಿಯುವವರ ಹತ್ತಿರ ಪಾಲಿಯೆಸ್ಟರ್ ಫೆಲ್ಟ್ ಬಟ್ಟೆಯದು, ಹಳೆಯದಕ್ಕಿಂತ ಉದ್ದ ಇಟ್ಟು ಹೊಲಿಸಿದೆ. ಉದ್ದ ಯಾಕೆಂದರೆ ಬಟ್ಟೆಯ ತೂತು ಸಣ್ಣದಾದಷ್ಟೂ ಗಾಳಿ ಹೋಗಲು ಜಾಗ ಜಾಸ್ತಿ ಬೇಕು. ಸಣ್ಣ ಬ್ಯಾಗಿಗೆ ಒಳ್ಳೇ ಬಟ್ಟೆ ಹಾಕಿದರೆ ಸೆಳೆತವೇ ಸತ್ತುಹೋಗುತ್ತದೆ. ಷೆಡ್ಡಿನ ಒಳಗೇ ಇಡಬೇಕು ಅನ್ನುವವರು 1 ಮೈಕ್ರಾನ್ ಅಥವಾ ಅದಕ್ಕಿಂತ ಒಳ್ಳೆಯ, ನೆರಿಗೆ ನೆರಿಗೆಯಾಗಿರುವ ಕಾರ್ಟ್ರಿಜ್ ಫಿಲ್ಟರ್ ಇರುವ ಮೆಷಿನ್ನನ್ನೇ ನೋಡಿ. ಬೆಲೆ ಜಾಸ್ತಿ. ಅಷ್ಟು ಆಗದಿದ್ದರೆ ಒಳಗಿಡುವ ಆಸೆ ಬಿಡಿ.

ಪೈಪಿನ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ 4 ಇಂಚು ಅಂತ ಕೊಡುವ ಪಿವಿಸಿ ಪೈಪಿನ ಹೊರ ಅಳತೆ 110 ಮಿಲಿಮೀಟರ್. ಡಸ್ಟ್ ಹೋಸಿನ ಒಳ ಅಳತೆ 100ರ ಆಸುಪಾಸು. ಒಂದರ ಮೇಲೊಂದು ಕೂರಲ್ಲ. ಅಡಾಪ್ಟರ್ ಮೊದಲೇ ಹೊಂದಿಸಿಕೊಳ್ಳಿ. ತಿರುವಿನಲ್ಲಿ ನೇರ ಟೀ ಬೇಡ, 45ರ ಬೆಂಡು ಎರಡು ಹಾಕಿ.

ಹಳೇ ಮರ ಬಳಸುವವರು ಇದನ್ನು ಗಮನ ಇಟ್ಟು ಓದಿ. ಎಷ್ಟು ಹುಡುಕಿ ಕಿತ್ತರೂ ತೊಲೆಯೊಳಗೆ ಒಂದು ಮೊಳೆ ಉಳಿದಿರುತ್ತದೆ. ಒಂದು ದಿನ ಪೈಪಿನೊಳಗೆ ಟಣ್ ಅಂತು. ಮುರಿದ ಮೊಳೆ ತುಂಡು ನೇರ ಹೋಗಿ ಕಬ್ಬಿಣದ ಫ್ಯಾನಿಗೆ ಬಡಿದಿತ್ತು. ಆ ಫ್ಯಾನಿನ ಮುಂದೆ ಇರುವುದು ಒಣ ಪುಡಿ ತುಂಬಿದ ಬ್ಯಾಗು. ಒಂದು ಕಿಡಿ ಸಾಕು, ಒಳಗೊಳಗೇ ಹೊಗೆಯಾಡಿ ನಡುರಾತ್ರಿ ಹೊತ್ತಿಕೊಳ್ಳುತ್ತದೆ. ಅವತ್ತು ಮೆಷಿನ್ನು ನಿಲ್ಲಿಸಿ, ಪುಡಿಯನ್ನೆಲ್ಲಾ ಅಂಗಳಕ್ಕೆ ಸುರಿದು ನೀರು ಹಾಕಿದೆ. ಫ್ಯಾನಿಗೆ ಮುಂಚೆ ಸಿಗುವ ಹಾಗೆ ಗಾಳಿಯನ್ನು ಸುತ್ತಿಸಿ ಭಾರದ್ದನ್ನು ಕೆಳಗೆ ಬೀಳಿಸುವ ಒಂದು ಸೈಕ್ಲೋನ್ ಡ್ರಮ್ಮು ಇಟ್ಟರೆ ಮೊಳೆ, ಚಕ್ಕೆ ಅದರಲ್ಲೇ ಬೀಳುತ್ತವೆ. ಬ್ಯಾಗೂ ಬೇಗ ತುಂಬಲ್ಲ. ಡ್ರಮ್ಮು ಗಟ್ಟಿಯದು ಇರಲಿ, ತೆಳು ಪ್ಲಾಸ್ಟಿಕ್ಕಿನದು ಸೆಳೆತಕ್ಕೆ ಒಳಗೆ ಕುಸಿಯುತ್ತದೆ. ಗ್ರೈಂಡರಿನಲ್ಲಿ ಕಬ್ಬಿಣ ಉಜ್ಜುವಾಗ ಮರದ ಕಲೆಕ್ಟರನ್ನು ಹತ್ತಿರಕ್ಕೂ ತರಬೇಡಿ.

ಕರೆಂಟಿನದು ಚಿಕ್ಕ ವಿಷಯ. 2 ಎಚ್‌ಪಿ ಮೋಟಾರು ಓಡುವಾಗ ಸುಮಾರು 9-10 ಆಂಪ್ಸ್ ಎಳೆಯುತ್ತದೆ, ಶುರುವಾಗುವಾಗ ಅದರ ಹಲವು ಪಟ್ಟು. ಟೇಬಲ್ ಸಾ ಜೊತೆ ಒಂದೇ ಲೈನಿನಲ್ಲಿ ಹಾಕಿದರೆ ಎಂಸಿಬಿ ಬೀಳುವುದು ಖಂಡಿತ. ಬೇರೆ 16 ಆಂಪ್ಸ್ ಲೈನ್ ಎಳೆಸಿ. ಸಿಂಗಲ್ ಫೇಸಾ ತ್ರೀ ಫೇಸಾ ಅಂತಲೂ ಮೊದಲೇ ಕೇಳಿ.

ಮನೆಯಲ್ಲಿ ಟೇಬಲ್ ಸಾ, ಪ್ಲೇನರ್ ಇಲ್ಲದವರಿಗೆ ನನ್ನ ಸಲಹೆ ಬೇರೆ. ಬರೀ ಸರ್ಕ್ಯುಲರ್ ಸಾ, ರೌಟರ್, ಸ್ಯಾಂಡರ್ ಇದ್ದರೆ ಡಸ್ಟ್ ಕಲೆಕ್ಟರ್ ಕಡೆ ತಿರುಗಿಯೂ ನೋಡಬೇಡಿ. ಒಂದು ಒಳ್ಳೇ ವ್ಯಾಕ್ಯೂಮ್, ಅದಕ್ಕೆ ಹೆಪಾ ಫಿಲ್ಟರ್, ನಡುವೆ ಬಕೆಟ್ಟಿನ ಮೇಲೆ ಕೂರುವ ಸಣ್ಣ ಸೈಕ್ಲೋನ್. ಹೆಪಾ ಅಂದರೆ 0.3 ಮೈಕ್ರಾನಿನ ಕಣದಲ್ಲಿ 99.97 ಶೇಕಡಾ ಹಿಡಿಯುವಂಥದ್ದು. 'ಹೆಪಾ ಟೈಪ್' ಅಂತ ಬರೆದಿದ್ದರೆ ಅದು ಹೆಪಾ ಅಂತ ಲೆಕ್ಕವಿಲ್ಲ. ಏನೇ ಇದ್ದರೂ ಎನ್95 ಮಾಸ್ಕು ಇರಲಿ. ಕರ್ಚೀಫು ಕಟ್ಟಿಕೊಂಡರೆ ಈ ಧೂಳು ನಿಲ್ಲಲ್ಲ.

ಈಗಾಗಲೇ ಮೋಸ ಹೋಗಿರುವವರು ಸುಮ್ಮನೆ ಕೂರಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದೂರು ದಾಖಲಾಗುತ್ತದೆ. ಅದರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ಮಾರಿದವರು ಯಾವ ಊರಿನವರಾದರೂ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ನನ್ನ ದೂರಿಗೆ ಬಲ ಬಂದದ್ದು ಜಾಹೀರಾತಿನ ಸ್ಕ್ರೀನ್‌ಶಾಟಿನಿಂದ. ದೂರು ಹೋದ ವಾರವೇ ಆ ಪುಟದಿಂದ '5 ಮೈಕ್ರಾನ್' ಮಾಯವಾಗಿ 'ಫೈನ್ ಫಿಲ್ಟರ್ ಬ್ಯಾಗ್' ಅಂತ ಆಗಿತ್ತು. ಹಾಗಾಗಿ ದುಡ್ಡು ಕಳಿಸುವ ಮೊದಲೇ ಪುಟದ ಫೋಟೋ ತೆಗೆದಿಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಮಾಡೆಲ್ ನಂಬರಿನ ಜೊತೆ ಬ್ಯಾಗು ಎಷ್ಟು ಮೈಕ್ರಾನ್ ಅಂತಲೂ ಬರೆಸಿ. ಬರೆಯಲ್ಲ ಅಂದರೆ ಬೇರೆ ಅಂಗಡಿ ನೋಡಿ.