ನೆಲಮಾಳಿಗೆಯ ನೀರೆತ್ತಲು ಕೊಂಡ ಅರ್ಧ ಎಚ್‌ಪಿ ಪಂಪು: ಒಂದು ಮಳೆಗಾಲದ ಬಳಕೆಯ ನಂತರ

2025ರ ಮೇ 18ರ ಭಾನುವಾರ ರಾತ್ರಿ ಬೆಂಗಳೂರಿನಲ್ಲಿ ಸುರಿದ ಕೃತ್ತಿಕೆ ಮಳೆಯನ್ನು ಹೊರಮಾವು ಕಡೆಯವರು ಇನ್ನೂ ಮರೆತಿರಲಾರರು. ಮರುದಿನ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ನಗರದಲ್ಲಿ 10 ಸೆಂಟಿಮೀಟರಿಗೂ ಹೆಚ್ಚು ಮಳೆ ದಾಖಲಾಗಿತ್ತು. ನಮ್ಮ ಮನೆಯಲ್ಲಿ ಆ ರಾತ್ರಿ ಕಿಟಕಿಯ ಗಾಜು ಅದುರುವಂತೆ ಸಿಡಿಲು ಬಡಿದು ಕರೆಂಟು ಹೋಯಿತು. ಗುಡುಗಿನ ನಡುವೆ ಕೇಳಿಸುತ್ತಿದ್ದ ಸದ್ದು ಛಾವಣಿಯ ಮೇಲಿನ ಮಳೆಯದಲ್ಲ, ರಸ್ತೆಯ ನೀರು ಇಳಿಜಾರಿನಲ್ಲಿ ಹರಿದು ವಾಹನ ನಿಲ್ಲಿಸುವ ನೆಲಮಾಳಿಗೆಗೆ ಬೀಳುವುದು ಎಂಬುದು ಅರ್ಥವಾಗುವಷ್ಟರಲ್ಲಿ ಸ್ಕೂಟರಿನ ಸೀಟು ಮುಳುಗಿತ್ತು. ಕುಡಿಯುವ ನೀರಿನ ಸಂಪಿಗೂ ಅದೇ ಕೆಸರು ಸೇರಿತ್ತು. ಬಕೆಟ್ಟಿನಲ್ಲಿ ಎತ್ತಿ ಹಾಕಿ ಸೋತ ಮೇಲೆ, ಅದೇ ತಿಂಗಳ ಕೊನೆಗೆ ಕೊಂಡದ್ದು ಈ ಪಂಪು.

ಇದು ಕೊಳಚೆ ನೀರಿಗೆಂದು ಮಾಡಿದ, ನೀರಿನಲ್ಲಿ ಮುಳುಗಿಯೇ ಕೆಲಸ ಮಾಡುವ ಅರ್ಧ ಎಚ್‌ಪಿ ಸಬ್‌ಮರ್ಸಿಬಲ್ ಪಂಪು; ನೀರು ಏರಿದಾಗ ತಾನೇ ಚಾಲೂ ಆಗಿ, ಇಳಿದಾಗ ತಾನೇ ನಿಲ್ಲುವ ಫ್ಲೋಟ್ ಸ್ವಿಚ್, ಅಂದರೆ ವೈರಿನ ತುದಿಯಲ್ಲಿ ತೇಲುವ ಡಬ್ಬಿ, ಜೊತೆಗೇ ಬರುತ್ತದೆ. ಬೆಲೆ ಸುಮಾರು 9,000 ರೂಪಾಯಿ. ಕಂಪನಿಯ ಹೆಸರಿನಿಂದ ಓದುಗರಿಗೆ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಈ ದರದಲ್ಲಿ ಸಿಗುವ ನಾಲ್ಕಾರು ಪಂಪುಗಳು ಹೆಚ್ಚುಕಡಿಮೆ ಒಂದೇ ಬಗೆಯವು, ಅವುಗಳ ಕೊರತೆಗಳೂ ಒಂದೇ ಬಗೆಯವು.

ಪಂಪು ಒಳ್ಳೆಯದೇ. ಕಳೆದ ಮಳೆಗಾಲದಲ್ಲಿ ನಾಲ್ಕು ಸಲ ಇದನ್ನು ಬಳಸಿದ್ದೇನೆ, ಒಮ್ಮೆಯೂ ಮೋಟಾರು ಕೈಕೊಟ್ಟಿಲ್ಲ. ಸಣ್ಣ ಮರಳು, ಎಲೆಯ ಚೂರು, ತೆಳುವಾದ ಕೆಸರು ಎಲ್ಲವನ್ನೂ ಹೊರಗೆ ಹಾಕಿದೆ. ಸೋಲುವುದು ಪ್ಲಾಸ್ಟಿಕ್ ಕವರಿಗೆ ಮತ್ತು ತೆಂಗಿನ ನಾರಿಗೆ. ಇವೆರಡರಲ್ಲಿ ಯಾವುದು ಸಿಕ್ಕಿಕೊಂಡರೂ ಪಂಪು ಗೊರಗೊರ ಎನ್ನುತ್ತ ನಿಲ್ಲುತ್ತದೆ, ಕಸವನ್ನು ಕೈಯಿಂದಲೇ ತೆಗೆಯಬೇಕು, ಹಾಗೆ ಕೈಯಿಡುವ ಮೊದಲು ಪ್ಲಗ್ ಕೀಳಲೇಬೇಕು. ರಟ್ಟಿನ ಪೆಟ್ಟಿಗೆಯ ಮೇಲೆ ನಿಮಿಷಕ್ಕೆ 200 ಲೀಟರ್ ಎಂದು ಅಚ್ಚಾಗಿದೆ. ಅದು ನೀರನ್ನು ಸ್ವಲ್ಪವೂ ಮೇಲೆತ್ತದೆ ಪಕ್ಕಕ್ಕೆ ಬಿಟ್ಟರೆ ಸಿಗುವ ಲೆಕ್ಕ. ನೆಲಮಾಳಿಗೆಯಿಂದ ರಸ್ತೆಯ ಮಟ್ಟಕ್ಕೆ ಎತ್ತಿ, ಒಂದೂವರೆ ಇಂಚಿನ ಪೈಪಿನ ತುದಿಗೆ 20 ಲೀಟರಿನ ಬಕೆಟ್ ಹಿಡಿದು ನೋಡಿದಾಗ ಅದು ತುಂಬಲು ಹನ್ನೆರಡು ಸೆಕೆಂಡು ಬೇಕಾಯಿತು, ಅಂದರೆ ನಿಮಿಷಕ್ಕೆ 100 ಲೀಟರ್.

ಈ ಅರ್ಧದ ಲೆಕ್ಕ ಸಾಕೇ ಎಂದು ಕೇಳಿದರೆ, ನೀರು ಎಲ್ಲಿಂದ ಬಂತು ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಮೂವತ್ತು ನಲವತ್ತರ ನಿವೇಶನದ ಮೇಲೆ 10 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 11,000 ಲೀಟರ್, ಅಂದರೆ ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಎರಡು ಲೋಡಿಗೆ ತುಸು ಕಡಿಮೆ. ಅದಷ್ಟೂ ನೆಲಮಾಳಿಗೆಗೇ ಇಳಿದರೂ ಈ ಪಂಪು ಎರಡು ಗಂಟೆಯೊಳಗೆ ಹೊರಗೆ ಹಾಕೀತು. ಆದರೆ ರಾಜಕಾಲುವೆ ತುಂಬಿ ರಸ್ತೆಯೇ ಹೊಳೆಯಾದಾಗ ಒಳಗೆ ನುಗ್ಗುವುದು ನಮ್ಮ ನಿವೇಶನದ ಮಳೆಯಲ್ಲ, ಇಡೀ ಬಡಾವಣೆಯದು. ಹೊರಗೆ ಎತ್ತಿ ಹಾಕಿದ ನೀರು ಇಳಿಜಾರಿನಲ್ಲಿ ಮತ್ತೆ ಒಳಗೇ ಬರುತ್ತದೆ. ಗೇಟಿನ ಬಳಿ ಒಂದಡಿ ಎತ್ತರದ ಕಾಂಕ್ರೀಟ್ ದಿಬ್ಬ ಹಾಕಿಸಿ, ಅದರ ಮೇಲೆ ಹಲಗೆ ಕೂರಿಸಲು ರಬ್ಬರ್ ಹಚ್ಚಿದ ತೋಡು ಮಾಡಿಸಿದ ಮೇಲೆಯೇ ಪಂಪಿನ ದುಡಿಮೆಗೆ ಅರ್ಥ ಬಂದದ್ದು. ಒಳಚರಂಡಿಯ ಚೇಂಬರಿನಿಂದ ನೀರು ಹಿಂದಕ್ಕೆ ಉಕ್ಕುವ ಮನೆಗಳವರು ಆ ಪೈಪಿಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಒಂದನ್ನು ಹಾಕಿಸಿಕೊಳ್ಳಬೇಕಾಗುತ್ತದೆ.

ಅಳವಡಿಸುವ ವಿಷಯದಲ್ಲಿ ಅಂಗಡಿಯವರ ಮೇಲೆ ನನಗೆ ಅಸಮಾಧಾನವಿದೆ. ಸಮತಟ್ಟಾದ ನೆಲದ ಮೇಲೆ ಇಟ್ಟರೆ ಸಾಕು ಎಂದು ಹೇಳಿ ಕಳಿಸಿದರು. ಹಾಗೆ ಇಟ್ಟಾಗ ಮೊಣಕಾಲುದ್ದ ನೀರು ನಿಲ್ಲುವವರೆಗೆ ಫ್ಲೋಟ್ ಏಳಲಿಲ್ಲ, ಎದ್ದ ಮೇಲೆ ಗೋಡೆಗೆ ಒರಗಿಕೊಂಡು ಇಳಿಯಲೂ ಇಲ್ಲ. ನಮ್ಮ ಪ್ಲಂಬರ್ ಬಂದವರೇ, “ಸಾರ್, ಗುಂಡಿ ತೋಡದೆ ಈ ಪಂಪು ತಂದ್ರೆ ಏನು ಪ್ರಯೋಜನ?” ಎಂದರು. ಎರಡಡಿ ಆಳದ, ಫ್ಲೋಟ್ ಸಲೀಸಾಗಿ ತೂಗುವಷ್ಟು ಅಗಲದ ಗುಂಡಿ ತೋಡಿಸಿ, ಅದರ ಬಾಯಿಗೆ ಜಾಲರಿ ಹಾಕಿಸಿ, ಪೈಪಿಗೆ ನಾನ್ ರಿಟರ್ನ್ ವಾಲ್ವ್ ಸೇರಿಸಿದರು. ಈ ವಾಲ್ವ್ ಇಲ್ಲದಿದ್ದರೆ ಪಂಪು ನಿಂತ ಕೂಡಲೇ ಪೈಪಿನಲ್ಲಿದ್ದ ನೀರೆಲ್ಲ ಗುಂಡಿಗೆ ಮರಳಿ, ಫ್ಲೋಟನ್ನು ಎಬ್ಬಿಸಿ, ಪಂಪು ನಿಮಿಷಕ್ಕೊಮ್ಮೆ ಚಾಲೂ ಆಗುತ್ತಿರುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಕರೆಂಟಿನದು. ನೀರು ತರುವ ಸಿಡಿಲು ಮಳೆಯೇ ಕರೆಂಟನ್ನೂ ಒಯ್ಯುತ್ತದೆ ಎಂಬ ಸರಳ ಸಂಗತಿಯನ್ನು ಮಾರುವವರು ಯಾರೂ ಹೇಳುವುದಿಲ್ಲ. ಮನೆಯಲ್ಲಿದ್ದ 900 ವಿಎ ಇನ್ವರ್ಟರ್ ಫ್ಯಾನು ದೀಪಗಳಿಗೆ ಸಾಕಾದರೂ ಪಂಪು ಹೊರಡುವ ಕ್ಷಣದ ಎಳೆತವನ್ನು ತಾಳದೆ ಕೂಗಿಕೊಂಡು ಆರಿಹೋಯಿತು, ಏಕೆಂದರೆ ಇಂಥ ಮೋಟಾರುಗಳು ಹೊರಡುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತವೆ. ಕೊನೆಗೆ ಎರಡು ಬ್ಯಾಟರಿಯ 2 ಕೆವಿಎ ಸೈನ್ ವೇವ್ ಇನ್ವರ್ಟರ್ ಹಾಕಿಸಿದೆ. ಅದಕ್ಕೆ ಪಂಪಿನ ಬೆಲೆಯ ನಾಲ್ಕು ಪಟ್ಟು ಖರ್ಚಾಯಿತು.

ಇನ್ನೊಂದು ವಿಷಯವನ್ನು ಒತ್ತಿ ಬರೆಯಬೇಕು. ಮೇಲೆ ಹೇಳಿದ ಅದೇ ಮಳೆಯ ಮರುದಿನ, ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ನಿಂತ ನೀರನ್ನು ಮೋಟಾರಿನಿಂದ ಹೊರಹಾಕುವಾಗ ವಿದ್ಯುತ್ ತಗುಲಿ 63 ವರ್ಷದ ಹಿರಿಯರೊಬ್ಬರೂ 12 ವರ್ಷದ ಹುಡುಗನೊಬ್ಬನೂ ತೀರಿಕೊಂಡರು. ನನ್ನ ಪಂಪಿನೊಂದಿಗೆ ಬಂದ ಕೈಪಿಡಿಯಲ್ಲಿ ಅರ್ಥಿಂಗ್ ಬಗ್ಗೆ ಒಂದೇ ಒಂದು ಸಾಲಿದೆ, ಅದೂ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಇದನ್ನು ನಾನು ಉತ್ಪನ್ನದ ಕೊರತೆ ಎಂದೇ ಎಣಿಸುತ್ತೇನೆ. ವಿದ್ಯುತ್ ಸೋರಿಕೆ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಲೈನು ಕಡಿಯುವ ಆರ್‌ಸಿಸಿಬಿ ಇಲ್ಲದ ಸಾಕೆಟ್ಟಿಗೆ ಈ ಪಂಪನ್ನು ಸಿಕ್ಕಿಸಬಾರದು. ಸಾಕೆಟ್ಟು ನೆಲಮಾಳಿಗೆಯಲ್ಲಿರದೆ ಮೇಲಿನ ಮಹಡಿಯಲ್ಲಿರಬೇಕು. ಹತ್ತು ಮೀಟರ್ ವೈರು ಸಾಲದೆ ನಡುವೆ ಟೇಪು ಸುತ್ತಿ ಜೋಡಿಸುವುದಂತೂ ಕೂಡದು. ಪಂಪು ಓಡುತ್ತಿರುವಾಗ ಆ ನೀರಿಗೆ ಕಾಲಿಡಬೇಡಿ.

ಮಾರಾಟದ ನಂತರದ ಸೇವೆಯ ಬಗ್ಗೆ ಹೆಚ್ಚು ಹೇಳಲಾರೆ. ಫ್ಲೋಟಿನ ವೈರು ಸೆಪ್ಟೆಂಬರಿನಲ್ಲಿ ಬಿರುಕು ಬಿಟ್ಟಿತು, ವಾರಂಟಿ ಇದ್ದರೂ ಮೆಕ್ಯಾನಿಕ್ ಬಂದದ್ದು ದೀಪಾವಳಿಯ ಮುನ್ನಾದಿನ. ಅಷ್ಟರೊಳಗೆ 450 ರೂಪಾಯಿ ಕೊಟ್ಟು ಬೇರೆ ಫ್ಲೋಟ್ ತಂದು ಹಾಕಿಸಿ ಆಗಿತ್ತು. ಅವರು ತಂದ ಹೊಸದನ್ನು ಅಟ್ಟದ ಮೇಲೆ ಇಟ್ಟುಕೊಂಡಿದ್ದೇನೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಒಂದು ಆ ಕೈಪಿಡಿಯದು.